ಬದುಕಿನ ಅರ್ಥ: ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾದ ಲೇಖನವನ್ನು ಯಾವ ಕ್ರಮದಲ್ಲಿ ಓದಬೇಕು?

ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆಗೆ ಪಾಶ್ಚಾತ್ಯ ತತ್ತ್ವಶಾಸ್ತ್ರಜ್ಞರು ಈಚಿನ ದಶಕಗಳಲ್ಲಿ ಕೊಟ್ಟ ಉತ್ತರಗಳೆಲ್ಲ ಒಂದೇ ಕಡೆ ಬೇಕೆಂದರೆ, ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಎಂಬ ಅಂತರ್ಜಾಲದ ತತ್ತ್ವಶಾಸ್ತ್ರ ವಿಶ್ವಕೋಶದಲ್ಲಿರುವ ‘ದಿ ಮೀನಿಂಗ್ ಆಫ್ ಲೈಫ್’ ಲೇಖನಕ್ಕಿಂತ ಒಳ್ಳೆಯ ಉಚಿತ ದಾರಿ ಇಲ್ಲ. ಬರೆದವರು ಥ್ಯಾಡಿಯಸ್ ಮೆಟ್ಜ್. 2007ರಲ್ಲಿ ಮೊದಲು ಪ್ರಕಟವಾಯಿತು, 2021ರಲ್ಲಿ ದೊಡ್ಡ ಪರಿಷ್ಕರಣೆ ಕಂಡಿತು. ಜಾಹೀರಾತಿಲ್ಲ, ಲಾಗಿನ್ ಬೇಡ. ಪ್ರತಿ ಲೇಖನವನ್ನೂ ಆಯಾ ವಿಷಯದ ತಜ್ಞರು ಪರಿಶೀಲಿಸಿದ ಮೇಲೆಯೇ ಹಾಕುತ್ತಾರೆ.

ಆದರೂ ಬಹಳ ಮಂದಿ ಇದನ್ನು ಅರ್ಧಕ್ಕೇ ಬಿಡುತ್ತಾರೆ. ಕಾರಣ ಮೊದಲ ಭಾಗ. ‘ಅರ್ಥ’ ಎಂದಾಗ ನಾವು ಕೇಳುತ್ತಿರುವುದಾದರೂ ಏನು, ಉದ್ದೇಶವೇ, ಮೌಲ್ಯವೇ, ಸುಖವೇ ಎಂಬ ವಿಶ್ಲೇಷಣೆ ಅಲ್ಲಿದೆ. ವಾದಗಳ ಪರಿಚಯವೇ ಇಲ್ಲದವರಿಗೆ ಅದು ಗಾಳಿಯಲ್ಲಿ ತೇಲಿದಂತಾಗುತ್ತದೆ. ಹಾಗಾಗಿ ಪೀಠಿಕೆ ಮುಗಿಸಿ ನೇರ ಮೂರನೆಯ ಭಾಗಕ್ಕೆ ಹೋಗಿ. ಅಲ್ಲಿಂದ ಎರಡು, ನಾಲ್ಕು, ಕೊನೆಗೆ ಒಂದು.

ಮೂರನೆಯ ಭಾಗವೇ ಲೇಖನದ ಜೀವಾಳ. ದೇವರನ್ನೂ ಆತ್ಮವನ್ನೂ ಒಪ್ಪದೆಯೂ ಬದುಕು ಅರ್ಥಪೂರ್ಣವಾಗಬಲ್ಲದೇ ಎಂಬುದು ಇಲ್ಲಿನ ಚರ್ಚೆ. ಒಂದು ಪಕ್ಷದ ಪ್ರಕಾರ, ಮನಸ್ಸಿಗೆ ಬೇಕಾದದ್ದು ಸಿಕ್ಕರೆ ಸಾಕು. 1970ರಲ್ಲಿ ರಿಚರ್ಡ್ ಟೇಲರ್ ಕೊಟ್ಟ ಉದಾಹರಣೆ ಈ ಪಕ್ಷಕ್ಕೆ ಬುನಾದಿ: ಕೊನೆಯಿಲ್ಲದೆ ಬಂಡೆ ಉರುಳಿಸುವ ಶಿಕ್ಷೆಗೊಳಗಾದ ಗ್ರೀಕ್ ಪುರಾಣದ ಸಿಸಿಫಸ್‌ನೊಳಗೆ ದೇವತೆಗಳು ಬಂಡೆ ಉರುಳಿಸುವ ಆಸೆಯನ್ನೇ ತುಂಬಿಬಿಟ್ಟರೆ? ಕೆಲಸ ಅದೇ, ಬಂಡೆ ಅದೇ, ಆದರೆ ಅವನಿಗೆ ಬೇಕಾದದ್ದು ಈಗ ಅದೇ. ಇದನ್ನು ಒಪ್ಪಿದರೆ ಮುಂದಿನ ತೊಡಕನ್ನೂ ಒಪ್ಪಬೇಕಾಗುತ್ತದೆ. ಚಾರ್ಲ್ಸ್ ಟೇಲರ್ ಹೇಳುವ ಹಾಗೆ ತಲೆಯ ಮೇಲೆ ಸರಿಯಾಗಿ 3,732 ಕೂದಲಿರುವುದು ಯಾರಿಗಾದರೂ ಪರಮ ಮುಖ್ಯ ಎನಿಸಿದರೆ, ಅದೂ ಸಾರ್ಥಕತೆಯೇ? ಇಲ್ಲ ಎನ್ನುವವರು ವಸ್ತುನಿಷ್ಠ ಮೌಲ್ಯದ ಕಡೆ, ಅಂದರೆ ಯಾರ ಇಷ್ಟಾನಿಷ್ಟವನ್ನೂ ಅವಲಂಬಿಸದ ಮೌಲ್ಯದ ಕಡೆ ಬರುತ್ತಾರೆ. ಸೂಸನ್ ವುಲ್ಫ್ ಎರಡನ್ನೂ ಬೆಸೆಯುತ್ತಾರೆ: ಕೆಲಸ ನಿಜಕ್ಕೂ ಯೋಗ್ಯವಾಗಿರಬೇಕು, ಮಾಡುವವನಿಗೆ ಅದರಲ್ಲಿ ಒಲವೂ ಇರಬೇಕು. ಈ ಇಬ್ಬರು ಟೇಲರ್‌ಗಳನ್ನು ಒಬ್ಬರೆಂದು ತಿಳಿದು ಗೊಂದಲಪಡುವವರಿದ್ದಾರೆ, ಲೇಖನದಲ್ಲಿ ಹೆಸರಿನ ಜೊತೆ ಆವರಣದಲ್ಲಿರುವ ಇಸವಿ ನೋಡಿಕೊಳ್ಳಿ.

ಎರಡನೆಯ ಭಾಗದಲ್ಲಿ ಗಮನಿಸಬೇಕಾದ ವ್ಯತ್ಯಾಸ ಒಂದೇ. ದೇವರು ಅಥವಾ ಆತ್ಮ ಇಲ್ಲದಿದ್ದರೆ ಅರ್ಥವೇ ಇಲ್ಲ ಎನ್ನುವವರು ಬೇರೆ. ಇದ್ದರೆ ಅರ್ಥ ಬಹಳ ಹಿರಿದಾಗುತ್ತದೆ ಎನ್ನುವ ಸೌಮ್ಯವಾದಿಗಳು ಬೇರೆ. ಮೊದಲಿನವರಿಗೆ ಹೂಡಿದ ಆಕ್ಷೇಪ ಎರಡನೆಯವರಿಗೆ ತಾಗುವುದಿಲ್ಲ. ಆಸ್ತಿಕ-ನಾಸ್ತಿಕ ಜಗಳಗಳು ಎಡವುವುದು ಹೆಚ್ಚಾಗಿ ಇಲ್ಲೇ. ನಾಲ್ಕನೆಯ ಭಾಗ, ಅಂದರೆ ಬದುಕಿಗೆ ಅರ್ಥವೇ ಇಲ್ಲವೆನ್ನುವ ನಿಹಿಲಿಸಂ, ಚಿಕ್ಕದು.

ಮೆಟ್ಜ್ ಸ್ವತಃ ವಸ್ತುನಿಷ್ಠ ಪಕ್ಷದವರು, 2013ರಲ್ಲಿ ತಮ್ಮದೇ ಸಿದ್ಧಾಂತದ ಪುಸ್ತಕ ತಂದವರು. ಆದರೂ ಎದುರು ಪಕ್ಷದ ವಾದವನ್ನು ದುರ್ಬಲಗೊಳಿಸಿ ಹೇಳುವುದಿಲ್ಲ. ಅದು ಈ ಬರಹದ ದೊಡ್ಡ ಗುಣ.

ಕೊರತೆಯೂ ದೊಡ್ಡದೇ. ಪದಗಳನ್ನೂ ವಾದಗಳನ್ನೂ ಬಿಡಿಸಿ ಪರೀಕ್ಷಿಸುವ ಇಂಗ್ಲಿಷಿನ ವಿಶ್ಲೇಷಣಾತ್ಮಕ ಸಂಪ್ರದಾಯವೇ ಇದರ ಕೇಂದ್ರ. ಪುರುಷಾರ್ಥ, ಮೋಕ್ಷಗಳ ಹಿನ್ನೆಲೆಯಿಂದ ಬರುವ ಕನ್ನಡ ಓದುಗರಿಗೆ ತಮ್ಮ ಪ್ರಶ್ನೆಯ ಅರ್ಧಭಾಗ ಇಲ್ಲಿ ಸಿಗುವುದಿಲ್ಲ. ಶಂಕರರ ಬಗ್ಗೆ ಇದೇ ತಾಣದಲ್ಲಿ ಪ್ರತ್ಯೇಕ ಲೇಖನವಿದೆ. ಉಡುಪಿಯ ಮಧ್ವರಿಗಾಗಿ ಇಂಟರ್ನೆಟ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ನೋಡಿ, ಅದೂ ಉಚಿತ. ಅಲ್ಲಿ ಬದುಕಿನ ಅರ್ಥದ ಮೇಲೆಯೇ ಎರಡು ಲೇಖನಗಳಿವೆ, ಒಂದು ಹಳೆಯ ಚಿಂತಕರ ಬಗ್ಗೆ, ಇನ್ನೊಂದು ಸಮಕಾಲೀನರ ಬಗ್ಗೆ. ಭಾಷೆ ಸ್ಟ್ಯಾನ್‌ಫರ್ಡ್‌ನಷ್ಟು ಬಿಗಿಯಿಲ್ಲ, ಕಾಲೇಜು ವಿದ್ಯಾರ್ಥಿಗಳು ಅಲ್ಲಿಂದ ಶುರುಮಾಡಬಹುದು.

ಪ್ರಬಂಧಕ್ಕೆ ಉಲ್ಲೇಖಿಸುವವರು ಸಾಮಾನ್ಯ ಪುಟದ ಕೊಂಡಿ ಕೊಡಬೇಡಿ. ಪಠ್ಯ ಬದಲಾಗುತ್ತಿರುತ್ತದೆ, ಹಾಗಾಗಿ 2021ಕ್ಕೆ ಮೊದಲಿನ ಉಲ್ಲೇಖಗಳನ್ನು ಈಗಿನ ಪುಟದಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ವರ್ಷಕ್ಕೆ ನಾಲ್ಕು ಸಲ ಇಡೀ ವಿಶ್ವಕೋಶದ ಪ್ರತಿಯನ್ನು ಆರ್ಕೈವ್‌ನಲ್ಲಿ ಸ್ಥಿರವಾಗಿ ಇಡುತ್ತಾರೆ. ಲೇಖನದ ಶೀರ್ಷಿಕೆಯ ಆಸುಪಾಸಿನಲ್ಲಿರುವ ‘ಆಥರ್ ಅಂಡ್ ಸೈಟೇಶನ್ ಇನ್ಫೋ’ ಒತ್ತಿದರೆ ಆ ಪ್ರತಿಯ ವಿಳಾಸ ಸಿಗುತ್ತದೆ.