ವಿಂಡೋಸ್ ಡಿಫೆಂಡರ್: ವರ್ಷಗಟ್ಟಲೆ ಬಳಸಿದ ಮೇಲೆ ಒಂದು ವಿಮರ್ಶೆ

ಹಾಸನದಲ್ಲಿ ಹೊಸ ಕಂಪ್ಯೂಟರ್ ಕೊಳ್ಳಲು ಹೋದರೆ ಬಿಲ್ ಬರೆಯುವಾಗಲೇ ಕೇಳುವ ಪ್ರಶ್ನೆ ಇದು: "ಆ್ಯಂಟಿವೈರಸ್ ಒಂದು ವರ್ಷದ್ದು ಹಾಕ್ಲಾ ಸಾರ್, ಮೂರು ವರ್ಷದ್ದಾ?" ವಿಂಡೋಸ್ 10 ಅಥವಾ 11 ಇರುವ ಮನೆಯ ಕಂಪ್ಯೂಟರಿಗೆ ಎರಡೂ ಬೇಡ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಆದರೆ ಬಂದ ಹಾಗೆಯೇ ಬಿಟ್ಟರೆ ಸಾಲದು. ಅದರಲ್ಲಿ ಮುಖ್ಯವಾದ ಒಂದು ಕಾವಲು ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಇನ್ನು ಕೆಲವು ಮೋಸಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯ ಡೆಸ್ಕ್‌ಟಾಪ್, ಮಕ್ಕಳ ಲ್ಯಾಪ್‌ಟಾಪ್, ಮೂಡಿಗೆರೆ ಕಡೆಯ ಹೋಂಸ್ಟೇಗಳ ಬುಕಿಂಗ್ ಕಂಪ್ಯೂಟರ್, ತೋಟದ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಬರೆಯುವ ಹಳೆಯ ಪಿಸಿ, ಇಂಥವುಗಳಲ್ಲಿ ಡಿಫೆಂಡರ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಅದರ ಬಲ. ಮೇಲ್‌ನಲ್ಲಿ ಬಂದ ಫೈಲನ್ನು ಡೌನ್‌ಲೋಡ್ ಮಾಡಿದ ಕ್ಷಣ, ಜಿಪ್ ಬಿಚ್ಚಿದ ಕ್ಷಣ, ತೆರೆಯಲು ಹೋದ ಕ್ಷಣ, ಹೀಗೆ ಪ್ರತಿ ಹಂತದಲ್ಲೂ ಡಿಫೆಂಡರ್ ಅದನ್ನು ನೋಡುತ್ತದೆ. ಗುರುತು ಸಿಗದ ಫೈಲಾದರೆ ಮೈಕ್ರೋಸಾಫ್ಟ್‌ನ ಸರ್ವರ್ ಕೇಳಿ ತೀರ್ಮಾನ ಮಾಡುತ್ತದೆ. ಇದಕ್ಕೆ 'ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್' ಎನ್ನುತ್ತಾರೆ. ಇಂಟರ್ನೆಟ್ ಇಲ್ಲದಾಗ ಈ ಅರ್ಧ ಬಲ ಇರುವುದಿಲ್ಲ ಎನ್ನುವುದು ನೆನಪಿರಲಿ. ಜಿಮೇಲ್ ಬಳಸುವವರಿಗೆ ಇನ್ನೊಂದು ಬೇಲಿ ಮೊದಲೇ ಇದೆ: ಇಎಕ್ಸ್‌ಇ, ಜೆಎಸ್, ವಿಬಿಎಸ್‌ನಂಥ ಒತ್ತಿದರೆ ಓಡುವ ಪ್ರೋಗ್ರಾಂ ಫೈಲುಗಳನ್ನು ಜಿಮೇಲ್ ಒಳಗೇ ಬಿಡುವುದಿಲ್ಲ. ಅದಕ್ಕೇ ವಂಚಕರು ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿ, ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದಿರುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯ ಒಳಗನ್ನು ಜಿಮೇಲ್ ನೋಡಲಾರದು. ಬೀಗದ ಜೊತೆಗೇ ಕೀಲಿಯನ್ನೂ ಕಟ್ಟಿ ಕಳಿಸಿದ್ದಾರೆಂದರೆ ಆ ಬೀಗ ಇರುವುದು ತಪಾಸಣೆ ತಪ್ಪಿಸಲು. ಅಂಥ ಜಿಪ್ ತೆರೆಯದೆ ಮೇಲನ್ನೇ ಅಳಿಸಿ.

ಇನ್ನು ಸೆಟ್ಟಿಂಗ್‌ಗಳಿಗೆ ಬರೋಣ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ತೆರೆದು, 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ. ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಅದೇ ಪುಟದ ಕೆಳಗೆ 'ಎಕ್ಸ್‌ಕ್ಲೂಷನ್ಸ್' ಇದೆ. ಇದನ್ನು ನೋಡುವವರು ಕಡಿಮೆ, ನೋಡಲೇಬೇಕಾದ್ದು ಇದನ್ನೇ. ಇಲ್ಲಿ ಹೆಸರಿರುವ ಫೋಲ್ಡರನ್ನು ಡಿಫೆಂಡರ್ ಮುಟ್ಟುವುದಿಲ್ಲ. ಕಳ್ಳ ಪ್ರತಿ ವಿಂಡೋಸ್ ಅಥವಾ ಆಫೀಸ್ ಹಾಕಿದ ಯಂತ್ರಗಳಲ್ಲಿ ಅದನ್ನು ಅಸಲಿಯಂತೆ ತೋರಿಸುವ ಆ್ಯಕ್ಟಿವೇಟರ್ ಸಿಕ್ಕಿಬೀಳದಿರಲಿ ಎಂದು ಇಡೀ ಸಿ ಡ್ರೈವನ್ನೇ ಇಲ್ಲಿ ಸೇರಿಸಿಬಿಟ್ಟಿರುವುದುಂಟು. ಅಂಥ ಕಂಪ್ಯೂಟರಿನ ಮೂಲೆಯಲ್ಲಿ ಹಸಿರು ಟಿಕ್ ಕಾಣುತ್ತಲೇ ಇರುತ್ತದೆ, ಕಾವಲು ಮಾತ್ರ ಸೊನ್ನೆ. ಸೆಕೆಂಡ್ ಹ್ಯಾಂಡ್ ಅಥವಾ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಮನೆಗೆ ಬಂದ ದಿನವೇ ಈ ಪಟ್ಟಿ ತೆರೆದು ನೋಡಿ. ಮನೆಬಳಕೆಯ ಯಂತ್ರದಲ್ಲಿ ಅದು ಖಾಲಿ ಇರಬೇಕು.

ಆಫ್ ಆಗಿ ಬರುವ ಕಾವಲು ಎಂದೆವಲ್ಲ, ಅದು 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್'. ವೈರಸ್ ಪುಟದ ಕೊನೆಯಲ್ಲಿ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಒಳಗೆ ಸಿಗುತ್ತದೆ. ರ‍್ಯಾನ್ಸಮ್‌ವೇರ್ ಎಂದರೆ ನಿಮ್ಮ ಫೋಟೋ, ಪತ್ರ, ಲೆಕ್ಕ ಎಲ್ಲಕ್ಕೂ ಬೀಗ ಜಡಿದು ಕೀಲಿಗೆ ಹಣ ಕೇಳುವ ವೈರಸ್. ಈ ಸ್ವಿಚ್ ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳಿಗೆ ನಂಬಿಕಸ್ಥ ತಂತ್ರಾಂಶ ಬಿಟ್ಟು ಬೇರೆ ಯಾವುದೂ ಬರೆಯಲಾಗದು. ಎರಡು ಕಡೆ ಎಡವುತ್ತಾರೆ. ನಮ್ಮಲ್ಲಿ ಬಹಳ ಜನ ಮುಖ್ಯವಾದದ್ದನ್ನೆಲ್ಲ ಡಿ ಡ್ರೈವ್‌ನಲ್ಲಿ ಇಡುತ್ತಾರೆ, ಅದು ಈ ರಕ್ಷಣೆಗೆ ತಾನಾಗಿ ಸೇರುವುದಿಲ್ಲ. 'ಪ್ರೊಟೆಕ್ಟೆಡ್ ಫೋಲ್ಡರ್ಸ್' ಒತ್ತಿ, 'ಆ್ಯಡ್' ಮಾಡಿ, ಒಂದೊಂದಾಗಿ ಸೇರಿಸಬೇಕು. ಎರಡನೆಯದು, ಕಡಿಮೆ ಜನ ಬಳಸುವ ತಂತ್ರಾಂಶಗಳನ್ನೂ ಇದು ಅನುಮಾನದಿಂದ ನೋಡುತ್ತದೆ. ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ, ಊರಿನವರು ಯಾರೋ ಬರೆದುಕೊಟ್ಟ ತೋಟದ ಲೆಕ್ಕದ ಪ್ರೋಗ್ರಾಂ ಇವು ಸೇವ್ ಮಾಡಲಾಗದೆ ಎರರ್ ತೋರಿಸಬಹುದು. ಆಗ ಸಿಟ್ಟಿನಲ್ಲಿ ಇಡೀ ಸ್ವಿಚ್ ಆಫ್ ಮಾಡಬೇಡಿ. ಅದೇ ಪುಟದಲ್ಲಿ 'ಅಲೋ ಆ್ಯನ್ ಆ್ಯಪ್', ಅದರಲ್ಲಿ 'ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್' ತೆರೆದರೆ ಈಗಷ್ಟೇ ತಡೆದ ಪ್ರೋಗ್ರಾಂನ ಹೆಸರಿರುತ್ತದೆ. ಅದೊಂದಕ್ಕೆ ಅನುಮತಿ ಕೊಟ್ಟರೆ ಮುಗಿಯಿತು. ಮೊದಲ ವಾರ ಎರಡು ಮೂರು ಸಲ ಹೀಗಾಗುತ್ತದೆ, ಆಮೇಲೆ ಅದರ ಸದ್ದೇ ಇರುವುದಿಲ್ಲ.

ಫೈಲಿನ ಹೆಸರಿನ ಬಾಲವನ್ನು, ಅಂದರೆ ಕೊನೆಯ ಚುಕ್ಕಿಯ ನಂತರದ ಭಾಗವನ್ನು, ವಿಂಡೋಸ್ ಇಂದಿಗೂ ಬಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿಗೆಲ್ಲ ಹಬ್ಬಿದ 'ಐ ಲವ್ ಯೂ' ವೈರಸ್ ಇದನ್ನೇ ಬಳಸಿಕೊಂಡಿತ್ತು. ನೋಡುವವರಿಗೆ ಟಿಎಕ್ಸ್‌ಟಿ ಎಂದು ಕಾಣುತ್ತಿದ್ದ ಪ್ರೇಮಪತ್ರದ ಹಿಂದೆ ವಿಬಿಎಸ್ ಎನ್ನುವ ಅಸಲಿ ಬಾಲ ಅಡಗಿತ್ತು. ಇಷ್ಟು ವರ್ಷವಾದರೂ ಆ ಸೆಟ್ಟಿಂಗ್ ಬದಲಾಗದಿರುವುದು ನಮ್ಮ ದೃಷ್ಟಿಯಲ್ಲಿ ದೊಡ್ಡ ಕೊರತೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಒತ್ತಿ. ವಿಂಡೋಸ್ 10ರಲ್ಲಿ ವ್ಯೂ ಪಟ್ಟಿಯಲ್ಲೇ ಟಿಕ್ ಹಾಕುವ ಜಾಗವಿದೆ. ಆಮೇಲೆ 'ಬಿಲ್ ಡಾಟ್ ಪಿಡಿಎಫ್' ಎಂದು ಬಂದದ್ದು 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಆಗಿದ್ದರೆ ಮನೆಯ ಯಾರ ಕಣ್ಣಿಗಾದರೂ ಬೀಳುತ್ತದೆ.

ವರ್ಡ್, ಎಕ್ಸೆಲ್ ಫೈಲಿನ ಮ್ಯಾಕ್ರೋ (ಒಳಗಿರುವ ಪುಟ್ಟ ಪ್ರೋಗ್ರಾಂ) ಮೂಲಕ ಬರುವ ವೈರಸ್ 2022ರ ನಂತರ ಕಡಿಮೆಯಾಗಿದೆ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋವನ್ನು ಆ ವರ್ಷದಿಂದ ಆಫೀಸ್ ಕೆಂಪು ಪಟ್ಟಿ ತೋರಿಸಿ ತಡೆಯುತ್ತದೆ. ಆಫೀಸ್ 2007, 2010 ಇಟ್ಟುಕೊಂಡವರಿಗೆ ಈ ರಕ್ಷಣೆ ಇಲ್ಲ.

ಈಗ ಡಿಫೆಂಡರ್ ಕೈಕೊಡುವ ಜಾಗ. ಚಿಕ್ಕಮಗಳೂರಿನ ಹೋಂಸ್ಟೇಯವರು ಇದನ್ನು ನಿಧಾನವಾಗಿ ಓದಬೇಕು. ಅತಿಥಿ ದೂರು ಕೊಟ್ಟಿದ್ದಾರೆ ಅಥವಾ ನಿಮ್ಮ ಖಾತೆ ದೃಢೀಕರಿಸಬೇಕು ಎಂದು ಬುಕಿಂಗ್ ಜಾಲತಾಣದ ಹೆಸರಲ್ಲಿ ಮೇಲ್ ಬರುತ್ತದೆ. ಲಿಂಕ್ ಒತ್ತಿದರೆ 'ನಾನು ರೋಬಾಟ್ ಅಲ್ಲ' ಎನ್ನುವ ಚೌಕ. ಅದನ್ನು ಒತ್ತಿದರೆ ಮೂರು ಸಾಲಿನ ಸೂಚನೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಚೌಕ ಒತ್ತಿದಾಗಲೇ ಆ ಪುಟ ಒಂದು ಕಮಾಂಡನ್ನು ಕ್ಲಿಪ್‌ಬೋರ್ಡಿಗೆ ನಕಲು ಮಾಡಿರುತ್ತದೆ. ಉಳಿದ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸಿಕೊಳ್ಳುತ್ತದೆ. ಕಮಾಂಡ್ ಕೊಟ್ಟವರು ಯಂತ್ರದ ಯಜಮಾನರೇ ಆದ್ದರಿಂದ ಡಿಫೆಂಡರ್‌ಗೆ ತಡೆಯುವುದು ಕಷ್ಟ. ಎಷ್ಟೋ ಸಲ ಹಿಡಿಯುತ್ತದೆ, ಎಲ್ಲ ಸಲವೂ ಅಲ್ಲ. ಬುಕಿಂಗ್ ಡಾಟ್ ಕಾಂ ಹೆಸರು ಬಳಸಿಕೊಂಡು 2024ರ ಡಿಸೆಂಬರ್‌ನಿಂದ ನಡೆದ ಇಂಥ ದಾಳಿಯ ವಿವರವನ್ನು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಹೀಗೆ ಒಳಬರುವ ವೈರಸ್ ಹೆಚ್ಚಾಗಿ ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್, ಲಾಗಿನ್ ಆಗಿರುವ ಖಾತೆಗಳ ಕುಕೀ (ಲಾಗಿನ್ ನೆನಪಿಡುವ ಸಣ್ಣ ಫೈಲು) ಇವನ್ನು ಕದಿಯುವಂಥದ್ದು. ಕುಕೀ ಹೋದರೆ ಒಟಿಪಿ ಇದ್ದರೂ ಉಪಯೋಗವಿಲ್ಲ. ನೀವು ರೋಬಾಟ್ ಅಲ್ಲವೆಂದು ತೋರಿಸಲು ಯಾವ ಅಸಲಿ ಜಾಲತಾಣವೂ ವಿಂಡೋಸ್ ಕೀ ಒತ್ತಿಸುವುದಿಲ್ಲ. ರಿಸೆಪ್ಷನ್‌ನಲ್ಲಿ ಕೂರುವ ಹುಡುಗರಿಗೆ ಈ ಒಂದು ಮಾತನ್ನು ಬರೆದು ಮಾನಿಟರ್ ಪಕ್ಕ ಅಂಟಿಸಿ.

ಎನಿಡೆಸ್ಕ್‌ನಂಥ ರಿಮೋಟ್ ತಂತ್ರಾಂಶದ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವಂಥದ್ದು) ವಿಷಯದಲ್ಲೂ ಡಿಫೆಂಡರ್ ಸುಮ್ಮನಿರುತ್ತದೆ, ಏಕೆಂದರೆ ಅದು ವೈರಸ್ ಅಲ್ಲ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಪರದೆ ತುಂಬ ಕಿರುಚುವ ಪುಟಗಳು ಕೊನೆಗೆ ತಲುಪುವುದು ಅಲ್ಲಿಗೇ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆಲ್ಟ್ ಜೊತೆ ಎಫ್4 ಒತ್ತಿ. ಅದಕ್ಕೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆಯುವಾಗ 'ರಿಸ್ಟೋರ್' ಒತ್ತಬೇಡಿ, ಅದೇ ಪುಟ ವಾಪಸ್ ಬರುತ್ತದೆ.

ಮೋಸದ ಜಾಲತಾಣ ತಡೆಯುವ ಸ್ಮಾರ್ಟ್‌ಸ್ಕ್ರೀನ್ ಎಡ್ಜ್ ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಮನೆಗಳಲ್ಲಿ ಬಳಸುವುದು ಕ್ರೋಮ್. ಕ್ರೋಮ್‌ಗೆ ಅದರದೇ ಕಾವಲಿದೆ: ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೆಕ್ಯುರಿಟಿ, ಅಲ್ಲಿ 'ಎನ್‌ಹ್ಯಾನ್ಸ್ಡ್ ಪ್ರೊಟೆಕ್ಷನ್' ಆರಿಸಿ. ಇದರ ಮೇಲೂ ಪೂರ್ತಿ ಭಾರ ಹಾಕಬೇಡಿ, ಇವತ್ತು ಬೆಳಿಗ್ಗೆ ಹುಟ್ಟಿದ ಕಳ್ಳ ಪುಟ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ವಿಳಾಸ ಓದುವುದನ್ನು ಕಲಿಯುವುದೇ ದಾರಿ. ಶುರುವಿನ ಎಚ್‌ಟಿಟಿಪಿಎಸ್ ಮತ್ತು ಜೋಡಿ ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬರುವಂತೆ ಹೇಳಿತ್ತು. ಇದರಿಂದ ಗುರುತಿಸುವುದು ಸುಲಭವಾಗಿದೆ. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇಟ್ಟು 'ಬ್ಯಾಂಕ್-ಇನ್' ಎಂದು ಬರೆದು ಮುಂದೆ ಇನ್ನೇನೋ ಸೇರಿಸಿದ್ದರೆ ಅದು ಬ್ಯಾಂಕ್ ಅಲ್ಲ. ಇಂಗ್ಲಿಷಿನ ಆರ್ ಮತ್ತು ಎನ್ ಅಂಟಿಕೊಂಡು ಕೂತರೆ ಎಂ ಹಾಗೆ ಕಾಣುತ್ತದೆ, ಅಲ್ಲೂ ಕಣ್ಣಿಡಿ.

"ಇವತ್ತು ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ" ಎನ್ನುವ ಸಂದೇಶಕ್ಕೆ ಸ್ಥಳೀಯ ಪರೀಕ್ಷೆ ಒಂದಿದೆ. ಹಾಸನದವರಿಗೆ ಕರೆಂಟ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಚಿಕ್ಕಮಗಳೂರಿನವರಿಗೆ ಮೆಸ್ಕಾಂ. 'ಎಲೆಕ್ಟ್ರಿಸಿಟಿ ಆಫೀಸ್' ಎಂದಷ್ಟೇ ಬರೆದು, ನಿಮ್ಮ ಆರ್‌ಆರ್ ನಂಬರ್ ಹಾಕದೆ, ಹತ್ತಂಕಿಯ ಮೊಬೈಲ್ ನಂಬರ್ ಕೊಟ್ಟಿದ್ದರೆ ಮೋಸವೆಂದೇ ತಿಳಿಯಿರಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಲಗ್ನಪತ್ರಿಕೆ, ಟ್ರಾಫಿಕ್ ಚಲನ್ 'ಎಪಿಕೆ' ಎಂದು ಕೊನೆಯಾದರೆ ಅದು ಪತ್ರಿಕೆಯಲ್ಲ, ನಿಮ್ಮ ಫೋನಿನ ಎಸ್ಸೆಮ್ಮೆಸ್ ಓದುವ ಆ್ಯಪ್.

ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಕಂಪ್ಯೂಟರ್ ವಾರಗಟ್ಟಲೆ ಆಫ್ ಇರುತ್ತದೆ. ಕರೆಂಟ್ ಬಂದು ಆನ್ ಮಾಡಿದ ಕೂಡಲೇ ಮೇಲ್ ತೆರೆಯಬೇಡಿ. ಆ ಹೊತ್ತಿಗೆ ಡಿಫೆಂಡರ್‌ನ ವೈರಸ್ ಪಟ್ಟಿ ಹಳೆಯದಾಗಿರುತ್ತದೆ. 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಒಳಗೆ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ, ಇವತ್ತಿನ ತಾರೀಖು ಬಂದ ಮೇಲೆ ಕೆಲಸ ಶುರು ಮಾಡಿ. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಸ್ಕ್ಯಾನ್ ನಡೆಯುವಾಗ ಎಲ್ಲವೂ ತೆವಳುತ್ತದೆ. ಅದನ್ನು ತಾಳಲಾರದೆ ಡಿಫೆಂಡರ್ ಆಫ್ ಮಾಡುವ ಬದಲು ಹಳೆಯ ಡಿಸ್ಕಿನ ಜಾಗಕ್ಕೆ ವೇಗದ ಎಸ್‌ಎಸ್‌ಡಿ ಹಾಕಿಸಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು. ಡಿಫೆಂಡರ್‌ನ ವೈರಸ್ ಪಟ್ಟಿ ಬರುತ್ತಲೇ ಇದ್ದರೂ ವಿಂಡೋಸ್‌ನದೇ ತೂತುಗಳು ಮುಚ್ಚದಿದ್ದರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎನ್ನುವ, ಫೈಲುಗಳಿಗೆ ಬೀಗ ಜಡಿಯುವ ವೈರಸ್ ನುಗ್ಗಿದ್ದು ಅಂಥ ತೂತಿನಿಂದಲೇ, ಅದಕ್ಕೆ ತೇಪೆ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು.

ಇಷ್ಟೆಲ್ಲ ಮಾಡಿಯೂ ಎಡವಟ್ಟಾದರೆ ಕ್ರಮ ಹೀಗಿರಲಿ. ನೆಟ್ ಕೇಬಲ್ ಕೀಳಿ ಅಥವಾ ವೈಫೈ ಆಫ್ ಮಾಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ, ದೂರಿನ ನಂಬರ್ ಮತ್ತು ಸಮಯ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕರ ಅಜಾಗ್ರತೆಯಿಂದ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಆ ಸಮಯಕ್ಕೆ ಬೆಲೆಯಿದೆ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಮತ್ತು 'ಫಿಲ್ಟರ್ಸ್' ಎರಡನ್ನೂ ತೆರೆದು ನೋಡಿ. ಕಳ್ಳರು ಅಲ್ಲಿ ತಮ್ಮ ವಿಳಾಸ ಸೇರಿಸಿ ಹೋಗಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಮೇಲ್ ಅವರಿಗೆ ಹೋಗುತ್ತಲೇ ಇರುತ್ತದೆ. ಆಮೇಲೆ 'ಸ್ಕ್ಯಾನ್ ಆಪ್ಷನ್ಸ್' ಒಳಗೆ 'ಆಫ್‌ಲೈನ್ ಸ್ಕ್ಯಾನ್' ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ.

ಆ್ಯಂಟಿವೈರಸ್‌ಗೆ ಎತ್ತಿಟ್ಟ ಹಣದಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಕೊಳ್ಳಿ. ತಿಂಗಳಿಗೊಮ್ಮೆ ಫೋಟೋ, ಪಹಣಿ, ಲೆಕ್ಕ ಎಲ್ಲ ನಕಲು ಮಾಡಿ, ಕೇಬಲ್ ಬಿಚ್ಚಿ ಬೀರುವಿನಲ್ಲಿಡಿ. ಯಂತ್ರಕ್ಕೆ ಚುಚ್ಚಿಕೊಂಡೇ ಇರುವ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಜಡಿಯುತ್ತದೆ.