ಹ್ಯಾಮಕ್‌ನ ಜಿಪ್ ಕಿತ್ತು ಮ್ಯಾಗ್ನೆಟ್ ಹಾಕಿಸಿದೆ: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಹ್ಯಾಮಕ್‌ನ ರಿವ್ಯೂ ಅಲ್ಲ. ಅದರ ಸೊಳ್ಳೆಪರದೆಗೆ ಜಿಪ್ ಬದಲು ನಾನು ಹೊಲಿಸಿದ 42 ಮ್ಯಾಗ್ನೆಟ್ ಬಿಲ್ಲೆಗಳ ರಿವ್ಯೂ. ಹ್ಯಾಮಕ್ ಬಗ್ಗೆ ದೂರಿಲ್ಲ. ಪ್ಯಾರಾಶೂಟ್ ನೈಲಾನ್, ಪರದೆ ಜೊತೆಯಲ್ಲೇ ಹೊಲಿದು ಬಂದಿದೆ, ಸುತ್ತಿ ಚೀಲಕ್ಕೆ ತುರುಕಿದರೆ ಸುಲಿಯದ ತೆಂಗಿನಕಾಯಿಯಷ್ಟು. ಊರಲ್ಲಿ ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತಾರಲ್ಲ, ಅದೇ, ದೊಡ್ಡವರ ಅಳತೆಗೆ ಮಾಡಿದ್ದು.

ಕೈಕೊಟ್ಟಿದ್ದು ಜಿಪ್. ಸಕಲೇಶಪುರದ ಹತ್ತಿರ ಗೆಳೆಯನ ಕಾಫಿ ತೋಟ, ಅಕ್ಟೋಬರ್ ತಿಂಗಳು, ರಾತ್ರಿ ಎರಡೂವರೆ. ಒಂದಕ್ಕೆ ಹೋಗಬೇಕು ಅಂತ ಎಚ್ಚರವಾಯಿತು. ಜಿಪ್ ಎಳೆದರೆ ಅರ್ಧಕ್ಕೆ ಬಂದು ಪರದೆಯ ಬಟ್ಟೆಯನ್ನು ಕಚ್ಚಿಕೊಂಡು ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಲಸಿನೆಲೆ ಕೊಟ್ಟೆಯೊಳಗಿನ ಕಡುಬಿನ ಹಾಗೆ ನಾನು ಒಳಗೆ, ಹೊರಗೆ ಹನಿ ಮಳೆ, ತೂಗಾಡುವ ಬಟ್ಟೆಯಲ್ಲಿ ಕೂತು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಆ ಜಿಪ್ ಜೊತೆ ಹತ್ತು ನಿಮಿಷ ಗುದ್ದಾಡಿದೆ. ಕೊನೆಗೆ ಪರದೆ ಹರಿದುಕೊಂಡೇ ಹೊರಗೆ ಬಂದೆ. ಹೆಚ್ಚಿನ ವಿವರ ಬೇಡ ಬಿಡಿ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮ್ಯಾಗ್ನೆಟ್ ತಲೆಗೆ ಹೊಳೆದದ್ದು ಮನೆಬಾಗಿಲಿಗೆ ಹಾಕುವ ಪರದೆ ನೋಡಿ. ಮಧ್ಯೆ ನುಗ್ಗಿದರೆ ತೆರೆದುಕೊಳ್ಳುತ್ತದೆ, ಬೆನ್ನ ಹಿಂದೆ ಟಪಟಪ ಅಂತ ತಾನೇ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಕಾಫಿ ಲೋಟ ಇದ್ದರೂ ತೊಂದರೆಯಿಲ್ಲ. ಹ್ಯಾಮಕ್‌ಗೂ ಇದೇ ಯಾಕಾಗಬಾರದು?

ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಹೋದೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, "ಮಾಮೂಲಿ ಬೇಕಾ, ಪವರ್‌ದು ಬೇಕಾ?" ಇಂಥ ಕಡೆ ಯಾರಾದರೂ ಮಾಮೂಲಿ ಸಾಕು ಅಂತಾರಾ? ಎನ್52 ದರ್ಜೆಯ 24 ಬಿಲ್ಲೆ ತಂದೆ, 15 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ. ಇವು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುವ ಮ್ಯಾಗ್ನೆಟ್. 1980ರ ದಶಕದಲ್ಲಿ ಜಪಾನ್‌ನಲ್ಲೂ ಅಮೆರಿಕದಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಕಂಡುಹಿಡಿದದ್ದು. ಎನ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ಅದೇ ಗಾತ್ರದಲ್ಲಿ ಶಕ್ತಿ ಜಾಸ್ತಿ. ಚಿಕ್ಕವರಿದ್ದಾಗ ಕೆಟ್ಟ ರೇಡಿಯೋದ ಸ್ಪೀಕರ್ ಒಡೆದು, ಅದರ ಕರಿ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ, ಮರಳಲ್ಲಿ ಎಳೆದುಕೊಂಡು ಹೋಗಿ ಕಬ್ಬಿಣದ ಪುಡಿ ಸೇರಿಸುತ್ತಿದ್ದೆವಲ್ಲ, ಆ ಕರಿ ಕಲ್ಲು ಇವುಗಳ ಮುಂದೆ ಏನೇನೂ ಅಲ್ಲ.

ಮತ್ತು ತಪ್ಪು ಮಾಡಿದ್ದೇ ಅಲ್ಲಿ.

ಪರದೆಯ ಬಾಯಿ ಒಂದೂವರೆ ಮೀಟರ್ ಉದ್ದ. 12 ಜೋಡಿ ಹಾಕಿದರೆ ಸುಮಾರು ಹದಿಮೂರೂವರೆ ಸೆಂಟಿಮೀಟರಿಗೊಂದು ಬರುತ್ತದೆ. ಸಾಕು ಅನ್ನಿಸಿತ್ತು. ಸಾಲಲಿಲ್ಲ. ಬಿಲ್ಲೆಗಳು ಎಷ್ಟು ಗಟ್ಟಿಯಾಗಿ ಕಚ್ಚುತ್ತಿದ್ದವು ಅಂದರೆ ಬಿಡಿಸಲು ಎರಡು ಕೈ ಬೇಕು, ಆದರೆ ಒಂದು ಬಿಲ್ಲೆಗೂ ಮುಂದಿನದಕ್ಕೂ ನಡುವೆ ಬಟ್ಟೆ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಸೊಳ್ಳೆ ಬರುವುದು ಮ್ಯಾಗ್ನೆಟ್ ಇರುವಲ್ಲಿಂದ ಅಲ್ಲ, ಇಲ್ಲದಿರುವಲ್ಲಿಂದ ಅಲ್ವಾ? ಇನ್ನೊಂದು ತಮಾಷೆ ಅಂದರೆ ಶಕ್ತಿ ಜಾಸ್ತಿಯಾಗಿ ಇವು ಸಾಲು ತಪ್ಪುತ್ತಿದ್ದವು. ಈ ಕಡೆಯ ಮೂರನೆಯದು ಆ ಕಡೆಯ ನಾಲ್ಕನೆಯದಕ್ಕೆ ಹಾರಿ ಕೂರುತ್ತಿತ್ತು, ಗುಂಡಿ ತಪ್ಪಾಗಿ ಹಾಕಿಕೊಂಡ ಶರ್ಟಿನ ಹಾಗೆ. ಒಮ್ಮೆ ಸಿಟ್ಟಲ್ಲಿ ಎಳೆದೆ, ಮ್ಯಾಗ್ನೆಟ್ ಬಿಡಲಿಲ್ಲ, ಪರದೆ ಹರಿಯಿತು.

ಅದರ ಮೇಲೆ, ಹ್ಯಾಮಕ್‌ನಲ್ಲಿ ಓರೆಯಾಗಿ ಮಲಗಬೇಕು, ಆಗಲೇ ಬೆನ್ನು ನೆಟ್ಟಗಿರುವುದು. ಓರೆಯಾಗಿ ಮಲಗಿದರೆ ಒಂದು ಅಂಚು ಬಿಗಿಯಾಗುತ್ತದೆ, ಇನ್ನೊಂದು ಸಡಿಲ. ಪರದೆ ಮೇಲಕ್ಕೆ ಕಿತ್ತುಕೊಳ್ಳುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಮ್ಯಾಗ್ನೆಟ್ಟಿಗೆ ಆಗದೇ ಇರುವುದು ಅದೇ. ನೇರವಾಗಿ ಕಿತ್ತರೆ ಜಗ್ಗದ ಬಿಲ್ಲೆ, ಪಕ್ಕಕ್ಕೆ ತಳ್ಳಿದರೆ ಸಲೀಸಾಗಿ ಸರಿಯುತ್ತದೆ. ಫ್ರಿಜ್ಜಿನ ಮೇಲಿರುವುದನ್ನು ತಳ್ಳಿ ನೋಡಿ. ಇಷ್ಟು ಕಿಲೋ ಎತ್ತುತ್ತದೆ ಅಂತ ಡಬ್ಬಿ ಮೇಲೆ ಬರೆದಿರುವುದು ದಪ್ಪ ಕಬ್ಬಿಣದ ತಟ್ಟೆಗೆ ಅಂಟಿಸಿ ನೇರವಾಗಿ ಎಳೆದಾಗಿನ ಲೆಕ್ಕ. ನಡುವೆ ಎರಡು ಪದರ ಬಟ್ಟೆ ಬಂದರೆ ಆ ಲೆಕ್ಕ ಅಲ್ಲಿಗೇ ಬಿತ್ತು.

ಎರಡನೇ ಸಲ ತಲೆ ತಗ್ಗಿಸಿಕೊಂಡು ಮಾಮೂಲಿಯನ್ನೇ ಕೇಳಿದೆ. ಎನ್35, 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಒಂದೊಂದು ಬಿಲ್ಲೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಏಳೂವರೆ ಸೆಂಟಿಮೀಟರಿಗೊಂದರಂತೆ 21 ಜೋಡಿ, ಒಟ್ಟು 50 ಗ್ರಾಂ. ಮೊದಲಿನ 24 ಬಿಲ್ಲೆ ಇದರ ಎರಡರಷ್ಟು ತೂಗುತ್ತಿದ್ದವು. ಆದರೆ ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು ಬದಲಾವಣೆ. ಮೊದಲು ಅಂಚಿಗೆ ಅಂಚು ತಾಗಿಸಿ ಹೊಲಿಸಿದ್ದೆ. ಈ ಸಲ ಒಂದರ ಮೇಲೊಂದು 6 ಸೆಂಟಿಮೀಟರ್ ಬಟ್ಟೆ ಬರುವ ಹಾಗೆ ಪಟ್ಟಿ ಸೇರಿಸಿದೆ, ಪಂಚೆ ಉಟ್ಟಾಗ ಒಂದು ಅಂಚು ಇನ್ನೊಂದರ ಮೇಲೆ ಬರುತ್ತದಲ್ಲ, ಹಾಗೆ. ಸೊಳ್ಳೆ ತಡೆಯುವುದು ಈ ಬಟ್ಟೆ. ಮ್ಯಾಗ್ನೆಟ್ ಸುಮ್ನೆ ಬಟ್ಟೆಯನ್ನು ಜಾಗದಲ್ಲಿ ಹಿಡಿದುಕೊಂಡಿರುತ್ತದೆ, ಅಷ್ಟೇ. ಇದು ಗೊತ್ತಾಗಲು ನನಗೆ ಒಂದು ಸೆಟ್ ಬಿಲ್ಲೆ ಮತ್ತು ಒಂದು ಪರದೆ ಖರ್ಚಾಯಿತು.

ಹೊಲಿಗೆಯ ಕಥೆ ಹೇಳಲೇಬೇಕು. ನಮ್ಮ ಬೀದಿಯ ಟೈಲರ್ ಬಿಲ್ಲೆಯನ್ನು ಬಟ್ಟೆಯೊಳಗೆ ಇಟ್ಟು ಸುತ್ತ ಹೊಲಿಯಲು ಹೊರಟರು. ಬಟ್ಟೆ ಮೆಷಿನ್ ಹತ್ತಿರ ಹೋಗಿದ್ದೇ ತಡ, ಟಕ್ ಅಂತ ಬಿಲ್ಲೆ ಮೆಷಿನ್‌ನಲ್ಲಿ ಬಟ್ಟೆ ಒತ್ತಿಹಿಡಿಯುವ ಪಾದಕ್ಕೆ ಅಂಟಿತು. ಬಿಡಿಸಿದರೆ ಕೆಳಗಿನ ತಟ್ಟೆಗೆ ಅಂಟಿತು. ಅದನ್ನೂ ಬಿಡಿಸಿ ಹೊಲಿದರೆ ಸೂಜಿ ಓರೆಯಾಗಿ ಬಿಲ್ಲೆಯ ಮೇಲೇ ಬಿತ್ತು, ಮುರಿಯಿತು. ಎರಡನೇ ಸೂಜಿಯೂ ಹೋದ ಮೇಲೆ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಸರಿಯಾದ ದಾರಿ ಅಂದರೆ ಮೊದಲು ಖಾಲಿ ಜೇಬುಗಳನ್ನು ಮೂರು ಕಡೆ ಮೆಷಿನ್‌ನಲ್ಲಿ ಹೊಲಿಸಿ, ಮನೆಗೆ ತಂದು ಬಿಲ್ಲೆ ತೂರಿಸಿ, ನಾಲ್ಕನೇ ಕಡೆಗೆ ಕೈಯಲ್ಲಿ ಹೊಲಿಗೆ ಹಾಕುವುದು. ಎರಡು ಸಂಜೆ ಹಿಡಿಯಿತು. ತೂರಿಸುವ ಮೊದಲು ಎಲ್ಲ ಬಿಲ್ಲೆಗಳನ್ನೂ ಒಂದೇ ಕಂಬದ ಹಾಗೆ ಜೋಡಿಸಿ, ಒಂದೊಂದೇ ತೆಗೆಯುತ್ತಾ ಮೇಲ್ಮುಖಕ್ಕೆ ಮಾರ್ಕರ್‌ನಿಂದ ಚುಕ್ಕಿ ಇಡಿ. ಚುಕ್ಕಿ ಎರಡೂ ಪಟ್ಟಿಯಲ್ಲಿ ಒಂದೇ ದಿಕ್ಕಿಗಿರಬೇಕು. ನಾನು ಟಿವಿ ನೋಡುತ್ತಾ ಮೂರನ್ನು ಉಲ್ಟಾ ಹೊಲಿದಿದ್ದೆ. ಆ ಮೂರು ಜಾಗದಲ್ಲಿ ಪಟ್ಟಿಗಳು ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ಆ ಕಡೆ ಈ ಕಡೆ ತಿರುಗಿಕೊಂಡವು. ಬಿಚ್ಚಿ ಮತ್ತೆ ಹೊಲಿದೆ.

ಈಗ ಹೇಗಿದೆ? ಒಂದು ಕೈ ಸಾಕು. ಮೊಣಕೈಯಲ್ಲಿ ತಳ್ಳಿದರೆ ಸಾಲಾಗಿ ಬಿಟ್ಟುಕೊಳ್ಳುತ್ತದೆ, ಇಳಿದು ನಿಂತರೆ ಮುಕ್ಕಾಲು ಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಉಳಿದ ಕಾಲು ಭಾಗ, ಅಂದರೆ ಕಾಲಿನ ಕಡೆಯ ಮೂಲೆ, ಕೈಯಿಂದ ಸವರಬೇಕು. ಜೋರು ನಿದ್ದೆಯಲ್ಲಿ ಹೊರಳುವವರಾದರೆ ಮಂಡಿ ತಾಗಿ ಎರಡು ಜೋಡಿ ಬಿಡುವುದುಂಟು. ಜಿಪ್ ಹಾಗೆ ಬಿಡುವುದಿಲ್ಲ, ಅದು ನಿಜ. ಬೆನ್ನಿಗೆ ಕೆಳಗಿನಿಂದ ತೆಳು ನೈಲಾನ್ ಮೂಲಕವೇ ಸೊಳ್ಳೆ ಕಚ್ಚುತ್ತದೆ, ಅದಕ್ಕೆ ಮ್ಯಾಗ್ನೆಟ್ ಏನೂ ಮಾಡದು, ಒಳಗೊಂದು ಮ್ಯಾಟ್ ಹಾಸಿಕೊಳ್ಳಿ.

ಮಳೆಗಾಲದಲ್ಲಿ ಒಂದು ತೊಂದರೆ ಗೊತ್ತಾಯಿತು. ಬಿಲ್ಲೆಗಳ ಹೊಳಪು ನಿಕ್ಕಲ್ ಲೇಪನದ್ದು. ಬಿಲ್ಲೆಗಳು ಒಂದಕ್ಕೊಂದು ಬಡಿದು ಆ ಲೇಪನ ಚಿಕ್ಕದಾಗಿ ಎದ್ದರೂ ಸಾಕು, ಒಳಗೆ ತುಕ್ಕು ಶುರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಐದು ಜೇಬುಗಳ ಸುತ್ತ ಅಡಿಕೆ ಚೊಗರಿನಂಥ ಕಂದು ಕಲೆ, ಬಿಚ್ಚಿ ನೋಡಿದರೆ ಬೂದಿಯ ಹಾಗೆ ಉದುರುತ್ತಿತ್ತು. ಬದಲಿ ಬಿಲ್ಲೆಗಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಬಳಿದೆ. ಎರಡನೇ ಮಳೆಗಾಲಕ್ಕೆ ಒಂದೂ ಹೋಗಿಲ್ಲ. ಒದ್ದೆ ಪರದೆಯನ್ನು ಚೀಲದಲ್ಲಿ ಬಿಡಬೇಡಿ. ಗೂಟ, ಚಾಕು ಇರುವ ಚೀಲಕ್ಕೂ ಹಾಕಬೇಡಿ, ಎಲ್ಲ ಸೇರಿ ಒಂದೇ ಮುದ್ದೆಯಾಗುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಾದರೆ ಈ ಕೆಲಸವೇ ಬೇಡ ಅಂತೀನಿ. ಜೇಬಿನ ಹೊಲಿಗೆ ಬಿಚ್ಚಿ ಎರಡು ಬಿಲ್ಲೆ ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಎರಡು ಪದರಗಳನ್ನು ಹಿಡಿದು ಒಂದಕ್ಕೊಂದು ಅಂಟುತ್ತವೆ, ಕರುಳಿಗೆ ತೂತು ಬೀಳಬಹುದು, ಆಪರೇಷನ್‌ವರೆಗೂ ಹೋಗಬಹುದು. ಪೇಸ್‌ಮೇಕರ್ ಇರುವವರಿಗೂ ಬೇಡ, ಸಾಲು ಸರಿಯಾಗಿ ಎದೆಯ ಹತ್ತಿರವೇ ಬರುತ್ತದೆ. ಮೊಬೈಲಿನ ದಿಕ್ಸೂಚಿ ಹ್ಯಾಮಕ್‌ನೊಳಗೆ ಎತ್ತೆತ್ತಲೋ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ, ಹೊರಗೆ ಬಂದರೆ ಸರಿಹೋಗುತ್ತದೆ.

ಇದೆಲ್ಲ ನೋಡಿದ ಗೆಳೆಯ ಕೇಳಿದ, ಹಗ್ಗಕ್ಕೂ ಒಂದು ದೊಡ್ಡ ಮ್ಯಾಗ್ನೆಟ್ ಕೊಂಡಿ ಹಾಕಬಹುದಲ್ವಾ ಅಂತ. ದಯವಿಟ್ಟು ಬೇಡ. ಹಗ್ಗ ನೆಲಕ್ಕೆ ಸಮಾನಾಂತರದಿಂದ 30 ಡಿಗ್ರಿ ಇಳಿದಿದ್ದರೆ 75 ಕಿಲೋ ಮನುಷ್ಯ ಮಲಗಿದಾಗ ಪ್ರತಿ ಹಗ್ಗದ ಮೇಲೂ 75 ಕಿಲೋ ಭಾರ. ಬಿಗಿಯಾಗಿ ಎಳೆದು 15 ಡಿಗ್ರಿ ಮಾಡಿದರೆ ಸುಮಾರು 145. ಅಲ್ಲಿ ಅಗಲ ಪಟ್ಟಿ, ಗಟ್ಟಿ ಗಂಟು ಇವೇ ಇರಲಿ. ಮರವೂ ಗಟ್ಟಿಯದಾಗಿರಲಿ. ತೋಟದಲ್ಲಿ ಹಾಲುವಾಣಕ್ಕೆ ಕಟ್ಟಬೇಡಿ, ಅದು ಮೆದು ಮರ. ಸಿಲ್ವರ್ ಓಕ್ ಒಳ್ಳೆಯದು, ಆದರೆ ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಪಟ್ಟಿ ಸುತ್ತಿದರೆ ತೋಟದವರು ಎರಡನೇ ಸಲ ಕರೆಯುವುದಿಲ್ಲ.

ಮಿಕ್ಕ ಆ ದೊಡ್ಡ ಎನ್52 ಬಿಲ್ಲೆಗಳಿಗೂ ಕೆಲಸ ಸಿಕ್ಕಿದೆ. ಎರಡನ್ನು ಟೈಲರ್ ಕೇಳಿ ಇಟ್ಟುಕೊಂಡರು, ಗುಂಡುಪಿನ್ನು ಹಿಡಿದಿಡಲು, ನನ್ನ ಎರಡು ಸೂಜಿ ಲೆಕ್ಕ ಚುಕ್ತಾ. ಎರಡನ್ನು ತಲೆಯ ಮೇಲಿನ ಅಡ್ಡಹಗ್ಗಕ್ಕೆ ಬಟ್ಟೆ ಸುತ್ತಿ ಹೊಲಿದೆ, ಟಾರ್ಚ್ ಮತ್ತು ಚಾಕು ಅಲ್ಲಿ ಅಂಟಿಕೊಂಡಿರುತ್ತವೆ. ಕತ್ತಲಲ್ಲಿ ಕೈ ಎತ್ತಿದರೆ ಸಿಗುತ್ತದೆ, ಇಡೀ ಮಾರ್ಪಾಡಿನಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಇನ್ನು ಎಂಟನ್ನು, ಮಳೆಗೆ ಹ್ಯಾಮಕ್ ಮೇಲೆ ಕಟ್ಟುವ ಟಾರ್ಪಾಲಿನ ಎರಡು ಬದಿಯ ಬಾಗಿಲಿಗೆ ಹಾಕಿ ನೋಡಿದೆ. ಗಾಳಿ ಇಲ್ಲದಾಗ ಚೆನ್ನಾಗಿ ನಿಂತಿತು. ಜುಲೈಯಲ್ಲಿ ಮಳೆ ಗಾಳಿ ಒಟ್ಟಿಗೆ ಬಂದ ರಾತ್ರಿ ಪ್ರತಿ ಐದು ನಿಮಿಷಕ್ಕೊಮ್ಮೆ ಫಟ್ ಅಂತ ಬಿಟ್ಟು ಮುಖಕ್ಕೆ ಎರಚಲು. ಈಗ ಅಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು ಇವೆ, ನಾಲ್ಕು, ಇಪ್ಪತ್ತು ರೂಪಾಯಿ. ಅಲ್ಲಾಡಿಲ್ಲ.