ಹಣ್ಣಿನ ಗಿಡಕ್ಕೆ ಫ್ಲೀಸ್ ಚೀಲ: ಬಟ್ಟೆಗೆ ಫುಲ್ ಮಾರ್ಕ್ಸ್, ಚೀಲಕ್ಕೆ ಅಲ್ಲ

ಫ್ಲೀಸ್ ಚೀಲ ಅಂದರೆ ರಾತ್ರಿಯ ಹೆಪ್ಪುಗಟ್ಟುವ ಚಳಿಗೆ ಹೂ ಸಾಯದಿರಲಿ ಅಂತ ಗಿಡಕ್ಕೆ ಹೊದಿಸುವ ತೆಳು ಬಟ್ಟೆಯ ಚೀಲ. ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಚೆನ್ನಾಗಿದೆ, ಜಿಪ್ ದಂಡ, ಹೂಬಿಟ್ಟ ಗಿಡಕ್ಕೆ ಈ ಚೀಲದ ಆಕಾರವೇ ಸರಿಯಿಲ್ಲ. ಐದಕ್ಕೆ ಎರಡೂವರೆ.

ಇಲ್ಲಿ ಇಂಗ್ಲೆಂಡಿನಲ್ಲಿ ಪ್ಲಮ್, ಸೇಬು ಏಪ್ರಿಲ್ ಹೊತ್ತಿಗೆ ಹೂ ಬಿಡುತ್ತವೆ, ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿಸುವ ರಾತ್ರಿ ಚಳಿ, ಮಾತ್ರ ಮೇ ತಿಂಗಳಲ್ಲೂ ಬರಬಹುದು. ಊರಲ್ಲಿ ಮಾವು ಹೂ ಬಿಟ್ಟಾಗ ಮೋಡ ಕವಿದರೆ, ಮಂಜು ಬಿದ್ದರೆ ಬೂದಿರೋಗ, ಜಿಗಿಹುಳು ಅಂತ ಹೆದರುತ್ತೇವೆ ಅಲ್ವಾ, ಇಲ್ಲಿ ಉಲ್ಟಾ. ಮೋಡ ಇದ್ದ ರಾತ್ರಿ ನಿಶ್ಚಿಂತೆಯಾಗಿ ಮಲಗಬಹುದು. ಗಾಳಿ ನಿಂತು ಆಕಾಶ ತಿಳಿಯಾಗಿದ್ದರೆ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ, ಆಗಲೇ ಭಯ. ಪೂರ್ತಿ ಅರಳಿದ ಸೇಬಿನ ಹೂಗಳು ಮೈನಸ್ 2 ಡಿಗ್ರಿಯಲ್ಲಿ ಅರ್ಧ ಗಂಟೆ ಇದ್ದರೆ ಸುಮಾರು ಹತ್ತರಲ್ಲೊಂದು ಸಾಯುತ್ತದೆ, ಮೈನಸ್ 4ಕ್ಕೆ ಇಳಿದರೆ ಹತ್ತರಲ್ಲಿ ಒಂಬತ್ತು. ನಾವು ದುಡ್ಡು ಕೊಡುವುದು ನಡುವಿನ ಆ ಎರಡು ಡಿಗ್ರಿಗೆ.

ಬಟ್ಟೆ ಅಂದರೆ ಮದುವೆ ಮನೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ಚೀಲದ ಜಾತಿಯದೇ, ಬಿಳಿ, ತೆಳು. ಚದರ ಮೀಟರಿಗೆ 17 ಗ್ರಾಂನದೂ ಸಿಗುತ್ತದೆ, 30 ಗ್ರಾಂನದೂ ಸಿಗುತ್ತದೆ. ಹೂವಿಗೆ 30ರದ್ದೇ ತಗೊಳ್ಳಿ. ತೆಳುವಾದದ್ದು ಗುಲಾಬಿ ಮುಳ್ಳು ತಗುಲಿದರೂ ಹರಿಯುತ್ತದೆ.

ಈಗ ಚೀಲದ ತಕರಾರು. ಕೆಳಗೆ ಲಾಡಿ ಇದೆ, ಕಾಂಡಕ್ಕೆ ಬಿಗಿಯಾಗಿ ಕಟ್ಟಿ ಅಂತ ಪ್ಯಾಕೆಟ್ ಮೇಲೆ ಚಿತ್ರ ಬೇರೆ. ಆದರೆ ರಾತ್ರಿ ಗಿಡವನ್ನು ಬೆಚ್ಚಗಿಡುವುದು ನೆಲದಿಂದ ಏಳುವ ಬಿಸಿ. ಕಾಂಡದ ಹತ್ತಿರ ಕಟ್ಟಿಬಿಟ್ಟರೆ ಆ ಬಿಸಿ ಒಳಗೆ ಬರುವುದಾದರೂ ಹೇಗೆ? ಚಳಿಗಾಲದಲ್ಲಿ ಕುಂಡದ ಗಿಡಕ್ಕೆ, ಕುಂಡದ ಸಮೇತ ಹೊದಿಸುವುದಕ್ಕೆ ಓಕೆ. ಹೂವಿಗೆ ಬೇಕಾಗಿರುವುದು ನೆಲ ಮುಟ್ಟುವ ಬಟ್ಟೆ.

ಇನ್ನು ಜಿಪ್. ಬೆಳಗ್ಗೆ ಬಿಸಿಲು ಬಂದ ಮೇಲೆ ತೆಗೆಯಲೇಬೇಕು, ಇಲ್ಲದಿದ್ದರೆ ಜೇನುನೊಣ ಹೂವಿನ ಹತ್ತಿರ ಬರುವುದಿಲ್ಲ, ಕಾಯಿ ಕಟ್ಟುವುದಿಲ್ಲ. ದಿನಾ ಎಳೆದೂ ಎಳೆದೂ ಜಿಪ್ಪಿಗೆ ಬಟ್ಟೆ ಸಿಕ್ಕಿ ಪರ್ ಅಂತ ಹರಿಯಿತು. ಅಂಗಡಿಯವರಿಗೆ ಬಿಲ್ ತೋರಿಸಿದರೆ "ಸೀಸನ್ ಮುಗೀತು" ಅಂದರು. ಗಿಡದಲ್ಲಿ ಇನ್ನೂ ಹೂ ಇತ್ತು!

ಮತ್ತೊಂದು, ಚೀಲ ಸೀದಾ ಹೂವಿನ ಮೇಲೆಯೇ ಕೂರುತ್ತದೆ. ಬಟ್ಟೆ ಒದ್ದೆಯಾಗಿ ಹೆಪ್ಪುಗಟ್ಟಿದರೆ ತಗುಲಿದ ಹೂವಿಗೆಲ್ಲ ಏಟು. ಮೇಲ್ಗಡೆ ಕೊಂಬೆಯ ಹೂ ನೋಡಲು ಬೆಳ್ಳಗೆ ಚೆನ್ನಾಗಿಯೇ ಇತ್ತು. ಎಸಳು ಬಿಡಿಸಿದರೆ ನಡುವೆ ಹಸಿರಾಗಿರಬೇಕಾದದ್ದು ಕಪ್ಪಗಾಗಿತ್ತು, ಅಂಥ ಹೂ ಹಣ್ಣಾಗುವುದಿಲ್ಲ. ಬಟ್ಟೆಗೆ ತಾಗದೆ ಒಳಗಿದ್ದವು ಉಳಿದವು, ಅದಕ್ಕೇ ಬಟ್ಟೆಯನ್ನು ಬೈಯುತ್ತಿಲ್ಲ.

ಹಾಗಾಗಿ ಮೀಟರ್ ಲೆಕ್ಕದ 30 ಗ್ರಾಂ ಬಟ್ಟೆ ತಗೊಳ್ಳಿ, ಸುತ್ತ ನಾಲ್ಕು ಬಿದಿರು ಕೋಲು ಗಿಡಕ್ಕಿಂತ ಎತ್ತರ ನೆಟ್ಟು ಮೇಲಿಂದ ಇಳಿಬಿಟ್ಟು, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ಅಂಚಿಗೆ ಇಟ್ಟಿಗೆ ಇಡಿ. ನೆಲ ಒಣಗಿದ್ದರೆ ಹಗಲೇ ನೀರು ಹಾಕಿ, ಒದ್ದೆ ಮಣ್ಣು ಬಿಸಿ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಗಿಡ ನಿಮ್ಮ ಕೈಗೆಟುಕದಷ್ಟು ಬೆಳೆದಿದ್ದರೆ ಚೀಲವೂ ಬೇಡ, ಬಟ್ಟೆಯೂ ಬೇಡ, ಸುಮ್ನೆ ದುಡ್ಡು ದಂಡ.